ಹಸಿರು ಉಪ್ಪಾಗೆ

ಆಷಾಢದ ಮಳೆಯಲ್ಲಿ ಸಿದ್ದಾಪುರದ ಬೆಟ್ಟ ಹತ್ತುವುದೆಂದರೆ ಉಂಬಳಗಳಿಗೆ ಊಟ ಹಾಕಲು ಹೋದಂತೆ. ಆದರೂ ಆ ಬೆಳಿಗ್ಗೆ ಗೊಬ್ಬರದ ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸೋದರಮಾವನ ಹಿಂದೆ ಹೊರಟೆ. ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣನ್ನು ಕೊಯ್ಯಲು ಗ್ರಾಮ ಅರಣ್ಯ ಸಮಿತಿ ಗೊತ್ತು ಮಾಡಿದ್ದ ಮೊದಲ ದಿನ ಅದು. ಅದಕ್ಕೂ ಮೊದಲು ಯಾರೂ ಮರ ಮುಟ್ಟಬಾರದು, ಕೊಂಬೆ ಕಡಿಯಬಾರದು, ಹಸಿರು ಕಾಯಿ ಕೀಳಬಾರದು ಎಂಬುದಕ್ಕೆ ಊರೆಲ್ಲ ಕೈಯೆತ್ತಿತ್ತು.

ನಾನು ಚಿಕ್ಕವನಿದ್ದಾಗ ಈ ಕಟ್ಟಳೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಜ್ಜಿ ಉದುರಿದ ಹಣ್ಣನ್ನು ಹೆಕ್ಕಿ ತಂದು ಸಿಪ್ಪೆಯನ್ನು ಹುಳಿಗೆಂದು ಒಣಗಿಸುತ್ತಿದ್ದಳು, ಬೀಜದಿಂದ ತುಪ್ಪ ತೆಗೆಯುತ್ತಿದ್ದಳು. 1990ರ ದಶಕದಲ್ಲಿ ಇದೇ ಸಿಪ್ಪೆ ಬೊಜ್ಜು ಕರಗಿಸುವ ಮಾತ್ರೆಯಾಗಿ ಅಮೆರಿಕದ ಅಂಗಡಿ ಸೇರಿತು. ಅದರಿಂದ ತೂಕವೇನೂ ಇಳಿಯುವುದಿಲ್ಲವೆಂದು 1998ರಲ್ಲಿ ಅಲ್ಲಿನದೇ ಒಂದು ಪ್ರಯೋಗ ಹೇಳಿತು. ಸೊರಗಿದ್ದು ನಮ್ಮ ಬೆಟ್ಟದ ಮರಗಳು. ಹಣ್ಣಾಗಲೆಂದು ನಾನು ಕಾದರೆ ಪಕ್ಕದ ಮನೆಯವನು ಕಾಯಿಯನ್ನೇ ಕೊಯ್ದಾನು ಎಂಬ ಭಯ ಪ್ರತಿ ಮನೆಗೂ ಹೊಕ್ಕಿತ್ತು.

ಮಾವ ವರ್ಷಾನುಗಟ್ಟಲೆ ನಂಬಿಕೊಂಡಿದ್ದ ಹಳ್ಳದ ಬದಿಯ ಮರ ಬೋಳಾಗಿತ್ತು. ಎರಡು ಕೊಂಬೆಗಳು ನೆಲದಲ್ಲಿದ್ದವು. ಎಲೆ ಇನ್ನೂ ಬಾಡಿರಲಿಲ್ಲ. ಯಾರ ಕೆಲಸವೆಂದು ಇಬ್ಬರಿಗೂ ಅಂದಾಜಿತ್ತು. ಮಾವ ಮಾತಾಡದೆ ಕಾಲಿನ ಉಂಬಳಕ್ಕೆ ಸುಣ್ಣ ಹಚ್ಚಿದ.

ಮುಂದಿನ ಮರದಲ್ಲಿ ಅರ್ಧ ಹಳದಿ, ಅರ್ಧ ಹಸಿರು. ಬುಡದಲ್ಲಿ ಕಚ್ಚಿ ಎಸೆದ ಸಿಪ್ಪೆಗಳು. "ಸಿಂಗಳೀಕ ಬಂದು ಹೋಗಿದೆ. ಅದಕ್ಕೂ ಪಾಲು ಇರಲಿ, ಹಳದಿಯದನ್ನಷ್ಟೇ ಕೊಯ್ಯಿ ತಮ್ಮಾ" ಎಂದ ಮಾವ. ಹಿಂದಿನ ವರ್ಷವಷ್ಟೇ, 2011ರಲ್ಲಿ, ಅಘನಾಶಿನಿ ಕಣಿವೆಯ ಕಾಡನ್ನು ಸಿಂಗಳೀಕಗಳಿಗೆಂದು ಸಂರಕ್ಷಿತ ಪ್ರದೇಶವಾಗಿ ಘೋಷಿಸಿದ್ದರು. ನನಗೆ ಆಗ ಕಣ್ಣಿಗೆ ಕಟ್ಟಿದ್ದು ಸಿಂಗಳೀಕವಲ್ಲ, ಆ ಬೋಳು ಮರ. ಮಾವ ಆಚೆ ತಿರುಗಿದಾಗಲೆಲ್ಲ ಕೊಕ್ಕೆ ಹಸಿರಿನ ಕಡೆಗೇ ಹೋಯಿತು. ಚೀಲದ ತಳಕ್ಕೆ ಹಸಿರು, ಮೇಲೆ ಹಳದಿ. ನಿಜ ಹೇಳಬೇಕೆಂದರೆ, ಕದಿಯುತ್ತಿದ್ದೇನೆ ಅನ್ನಿಸಲೇ ಇಲ್ಲ. ನ್ಯಾಯ ಮಾಡುತ್ತಿದ್ದೇನೆ ಅನ್ನಿಸಿತು.

ಸಂಜೆ ಬೆಟ್ಟ ಇಳಿಯುವಲ್ಲಿ ಸಮಿತಿಯವರು ತಾಡಪಾಲು ಹಾಸಿ ಕುಳಿತಿದ್ದರು. ತೂಗುವ ಮೊದಲು ಚೀಲ ಸುರಿಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಮಾವ ಸಮಿತಿಯ ಸದಸ್ಯನೇ ಆದ್ದರಿಂದ ನಮ್ಮ ಚೀಲವನ್ನು ಹಾಗೆಯೇ ತೂಗಲು ಹೊರಟರು. ಅವನೇ ತಡೆದು ಸುರಿದ. ಹಳದಿಯ ಹಿಂದೆ ಹಸಿರು ಕಾಯಿಗಳು ಉರುಳುತ್ತ ಬಂದವು. ಒಂದು ಗಳಿಗೆ ಮಳೆಯ ಸದ್ದು ಮಾತ್ರ.

"ದಂಡ ನನ್ನ ಹೆಸರಿಗೆ ಬರೆಯಿರಿ" ಎಂದ ಮಾವ. ನನ್ನತ್ತ ನೋಡಲಿಲ್ಲ.

ಪುಸ್ತಕದಲ್ಲಿ ಬರೆದುಕೊಂಡರು. ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿದ್ದ, ನಾವು ಅಂದಾಜು ಮಾಡಿದ್ದ ಮನುಷ್ಯ, ತನ್ನ ಚೀಲವನ್ನು ಮೆಲ್ಲಗೆ ಕಾಲಿನ ಹಿಂದಕ್ಕೆ ಎಳೆದುಕೊಂಡ.