ಬ್ರಿಕ್ ಲೇನ್‌ನ ಒಂದು ಕಟ್ಟಡ ಮತ್ತು ಲಂಡನ್ನಿನ ಜನ

ಲಂಡನ್ನಿನ ಜನಗಣತಿಯ ವಿವರಗಳು ಪ್ರಕಟವಾದಾಗಲೆಲ್ಲ ಒಂದೇ ಬಗೆಯ ಚರ್ಚೆ ಏಳುತ್ತದೆ. 2001ರಲ್ಲಿ ತಮ್ಮನ್ನು ಬಿಳಿಯ ಬ್ರಿಟಿಷರೆಂದು ಗುರುತಿಸಿಕೊಂಡವರು ನಗರದ ಜನಸಂಖ್ಯೆಯ ಸುಮಾರು ಶೇ 60ರಷ್ಟಿದ್ದರು; 2021ರ ಹೊತ್ತಿಗೆ ಆ ಪ್ರಮಾಣ ಶೇ 37ರ ಆಸುಪಾಸಿಗೆ ಇಳಿದಿತ್ತು. ಈ ಅಂಕಿಗಳನ್ನಷ್ಟೇ ಹಿಡಿದು ಊರು ಕೈತಪ್ಪಿಹೋಯಿತೆಂದು ಹಲುಬುವವರು, ಜನ ಏಕೆ ಬಂದರು, ಬಂದವರು ಮುಂದೆ ಎಲ್ಲಿಗೆ ಹೋದರು ಎಂದು ಕೇಳುವುದೇ ಇಲ್ಲ ಎಂಬುದು ನನ್ನ ತಕರಾರು.

ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ, ಫೋರ್ನಿಯರ್ ಬೀದಿ ಬಂದು ಸೇರುವ ಮೂಲೆಯಲ್ಲಿ, ಇಟ್ಟಿಗೆಯ ಕಟ್ಟಡವೊಂದಿದೆ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1685ರಲ್ಲಿ ಪ್ರಾಟೆಸ್ಟೆಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ಕಿತ್ತುಕೊಂಡಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ ಹ್ಯೂಗೆನಾಟರಲ್ಲಿ, ಅಂದರೆ ಫ್ರೆಂಚ್ ಪ್ರಾಟೆಸ್ಟೆಂಟರಲ್ಲಿ, ಅನೇಕರು ಇಲ್ಲಿ ರೇಷ್ಮೆ ನೇಯ್ದು ಬದುಕಿದರು. 1743ರಲ್ಲಿ ಈ ಕಟ್ಟಡವನ್ನು ಪ್ರಾರ್ಥನಾ ಮಂದಿರವಾಗಿ ಕಟ್ಟಿದವರು ಅವರ ಸಮುದಾಯದವರೇ. ಅವರ ಸಂತತಿ ಇಂಗ್ಲಿಷರೊಡನೆ ಬೆರೆತುಹೋದ ಮೇಲೆ ಅದು ಮೆಥಡಿಸ್ಟರೆಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದವರ ಪಾಲಾಯಿತು. 1881ರ ನಂತರ ರಷ್ಯಾ ಸಾಮ್ರಾಜ್ಯದ ಹಿಂಸಾಚಾರಕ್ಕೂ ಬಡತನಕ್ಕೂ ಬೆದರಿ ಬಂದ ಯಹೂದಿಗಳು ಆ ಶತಮಾನದ ಕೊನೆಯಲ್ಲಿ ಅದನ್ನು ಸಿನಗಾಗ್, ಅಂದರೆ ತಮ್ಮ ಪ್ರಾರ್ಥನಾ ಮಂದಿರ, ಮಾಡಿಕೊಂಡರು. 1976ರಿಂದ ಅದು ಮಸೀದಿ. ಗೋಡೆಯ ಮೇಲಿನ 1743ರ ನೆರಳುಗಡಿಯಾರವನ್ನು ಮಾತ್ರ ಯಾರೂ ಕಿತ್ತುಹಾಕಲಿಲ್ಲ.

ಮಸೀದಿಗೆ ಬಂದವರಲ್ಲಿ ಹೆಚ್ಚಿನವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಮೂಲದ ಬಂಗಾಳಿಗಳು. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಅಲ್ಲಿನ ನಾವಿಕರು ಹಾಕಿಕೊಟ್ಟ ದಾರಿಯಲ್ಲೇ ಮುಂದಿನವರೂ ಬಂದರು. 1962ರ ಬ್ರಿಟಿಷ್ ಕಾನೂನು ವಲಸೆಯನ್ನು ಬಿಗಿಗೊಳಿಸಿದಾಗ, ನಾಲ್ಕು ಕಾಸು ಸಂಪಾದಿಸಿ ಊರಿಗೆ ಮರಳುವ ಎಣಿಕೆಯಲ್ಲಿದ್ದ ಗಂಡಸರು, ಮರಳಿದರೆ ಮತ್ತೆ ಬರಲಾಗದೆಂಬ ಅಂಜಿಕೆಯಿಂದ ಇಲ್ಲೇ ನಿಂತು, ಕ್ರಮೇಣ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ತಡೆಯಲು ಮಾಡಿದ ಕಾನೂನೇ ಅವರನ್ನು ನೆಲೆಯೂರಿಸಿತು. ಯಹೂದಿ ದರ್ಜಿಗಳು ಉತ್ತರ ಲಂಡನ್ನಿನತ್ತ ಸರಿದಂತೆ ಹೊಲಿಗೆಯ ಕೆಲಸ ಇವರ ಕೈಗೆ ಬಂತು.

ಇದೆಲ್ಲ ಸಲೀಸಾಗಿ ನಡೆಯಿತೆಂದು ಹೇಳಿದರೆ ಅನ್ಯಾಯವಾದೀತು. 1978ರ ಮೇ 4ರಂದು ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅಲ್ತಾಬ್ ಅಲಿ ಎಂಬ ಜವಳಿ ಕಾರ್ಮಿಕನನ್ನು ಜನಾಂಗದ್ವೇಷಿಗಳು ಕೊಂದರು. ಸಾವಿರಾರು ಬಂಗಾಳಿಗಳು ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸವಿರುವ ಡೌನಿಂಗ್ ಬೀದಿಯವರೆಗೆ ನಡೆದರು. ಅವನು ಬಿದ್ದ ಜಾಗದ ಪಕ್ಕದ ಉದ್ಯಾನಕ್ಕೆ ಈಗ ಅವನದೇ ಹೆಸರು.

ಈಗ ಬ್ರಿಕ್ ಲೇನ್‌ನಿಂದ ಜನರನ್ನು ಹೊರದೂಡುತ್ತಿರುವುದು ಮನೆಬಾಡಿಗೆ. ಹಣಕಾಸು ಸಂಸ್ಥೆಗಳ ಕಚೇರಿಗಳು ಕೂಗಳತೆಯಲ್ಲೇ ಇರುವುದರಿಂದ ಬಾಡಿಗೆ ಏರುತ್ತಲೇ ಇದೆ. ಬಂಗಾಳಿ ಕುಟುಂಬಗಳು ಪೂರ್ವಕ್ಕೆ, ಬಾರ್ಕಿಂಗ್ ಮತ್ತು ರೆಡ್‌ಬ್ರಿಜ್ ಕಡೆಗೆ ಸಾಗುತ್ತಿವೆ. ಲಂಡನ್ನಿನಲ್ಲೇ ಹುಟ್ಟಿ ಬೆಳೆದು, ಕೆಲವೇ ಮೈಲಿ ದೂರಕ್ಕೆ ಮನೆ ಬದಲಿಸಿದ ಇಂಥ ಕುಟುಂಬವನ್ನೂ ಅಲ್ಲಿನ ಹಳಬರಲ್ಲಿ ಕೆಲವರು ಹೊರದೇಶದಿಂದ ಈಗಷ್ಟೇ ಬಂದಿಳಿದವರಂತೆ ನೋಡುತ್ತಾರೆ.