ಜೆಂಟೂ ಪ್ರಗತಿ ವರದಿ: ಕ್ಯೂಟಿವೆಬ್‌ಎಂಜಿನ್ ಸಾಯುತ್ತಿದ್ದದ್ದು ಯಾಕೆ

ಪ್ಯಾಕೇಜ್‌ಗಳನ್ನು ಸೋರ್ಸ್‌ನಿಂದ ಕಟ್ಟಿಕೊಳ್ಳುವ ಲಿನಕ್ಸ್ ಆದ ಜೆಂಟೂ ಮೇಲೆ, ಕ್ರೋಮಿಯಂ ಆಧಾರಿತ ಬ್ರೌಸರ್ ಎಂಜಿನ್ ಕ್ಯೂಟಿವೆಬ್‌ಎಂಜಿನ್ ಕೊನೆಗೂ ಕಂಪೈಲ್ ಆಯಿತು. @ವರ್ಲ್ಡ್ (ಇಡೀ ಸಿಸ್ಟಮ್‌ನ ಪ್ಯಾಕೇಜ್‌ಗಳ) ಅಪ್‌ಡೇಟ್ ಮತ್ತೆ ಚಲಿಸುತ್ತಿದೆ, ಬರೆಯಲು ಪುರುಸೊತ್ತು ಸಿಕ್ಕಿದೆ.

ಇನ್‌ಸ್ಟಾಲ್‌ನ ಹಂತಗಳಾದ ಸ್ಟೇಜ್3 ಬಿಚ್ಚಿದ್ದು, ಕ್ರೂಟ್, 23.0 ಪ್ರೊಫೈಲ್, ಡಿಸ್ಟ್-ಕರ್ನಲ್, ಗ್ರಬ್, ಯಾವುದರಲ್ಲೂ ಹೇಳಿಕೊಳ್ಳುವಂಥದ್ದು ಇಲ್ಲ. ಜೆಂಟೂದ ಅಧಿಕೃತ ಕೈಪಿಡಿ ಹ್ಯಾಂಡ್‌ಬುಕ್ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರೆ ಆಗುತ್ತದೆ. ಡೆಸ್ಕ್‌ಟಾಪ್ ಹಾಕುವಾಗ ಎಂದಿನ ಸುತ್ತು ಅವಲಂಬನೆಗಳು ಎದುರಾದವು: ಅಕ್ಷರ ಮೂಡಿಸುವ ಲೈಬ್ರರಿಗಳಲ್ಲಿ ಫ್ರೀಟೈಪ್‌ಗೆ ಹಾರ್ಫ್‌ಬಝ್ ಬೇಕು, ಹಾರ್ಫ್‌ಬಝ್‌ಗೆ ಫ್ರೀಟೈಪ್ ಬೇಕು, ಚಿತ್ರಗಳ ಲೈಬ್ರರಿಗಳಾದ ಟಿಫ್ ಮತ್ತು ಲಿಬ್‌ವೆಬ್‌ಪಿ ನಡುವೆಯೂ ಇದೇ ಜಗಳ. ಯೂಸ್="-ಹಾರ್ಫ್‌ಬಝ್" ಎಮರ್ಜ್ -1 ಫ್ರೀಟೈಪ್ (ಯೂಸ್ ಎಂದರೆ ಪ್ಯಾಕೇಜ್‌ನ ಐಚ್ಛಿಕ ಸೌಲಭ್ಯಗಳ ಫ್ಲ್ಯಾಗ್, ಎಮರ್ಜ್ ಎಂದರೆ ಪ್ಯಾಕೇಜ್ ಕಟ್ಟಿ ಹಾಕುವ ಆಜ್ಞೆ) ಎಂದು ಒಮ್ಮೆ ಕಟ್ಟಿಕೊಂಡರೆ ಗಂಟು ಬಿಚ್ಚುತ್ತದೆ, ಆಮೇಲೆ @ವರ್ಲ್ಡ್ ಓಡುವಾಗ ಅದೇ ಸರಿಯಾದ ಫ್ಲ್ಯಾಗ್‌ಗಳೊಂದಿಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಯೂಸ್ ಅನ್ನು ಪ್ಯಾಕೇಜ್.ಯೂಸ್‌ನಲ್ಲಿ ಬರೆದಿಡಬೇಡಿ. ವರ್ಷ ಕಳೆದ ಮೇಲೆ ಅದು ಯಾಕೆ ಅಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ.

ಈಗ ನಿಜವಾದ ತಲೆನೋವು. ಯಂತ್ರ 8 ಕೋರ್, 16 ಥ್ರೆಡ್, 16 ಜಿಬಿ ರ‍್ಯಾಮ್. ಜೆಂಟೂದ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್ ಓದುವ ಮೇಕ್.ಕಾನ್ಫ್‌ನಲ್ಲಿ ಮೇಕ್‌ಆಪ್ಟ್ಸ್="-ಜೆ16" (ಒಂದು ಪ್ಯಾಕೇಜ್‌ನೊಳಗೆ ಒಮ್ಮೆಗೆ 16 ಕೆಲಸ), ಎಮರ್ಜ್‌ನ ಡೀಫಾಲ್ಟ್ ಆಯ್ಕೆಗಳಲ್ಲಿ --ಜಾಬ್ಸ್=3 (ಒಮ್ಮೆಗೆ ಮೂರು ಪ್ಯಾಕೇಜ್), ಬಿಲ್ಡ್ ನಡೆಯುವ /ವರ್/ಟಿಎಂಪಿ/ಪೋರ್ಟೇಜ್ ಮೇಲೆ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಮ್). ಸಣ್ಣಪುಟ್ಟ ಪ್ಯಾಕೇಜ್‌ಗಳಿಗೆ ಇದು ಸ್ವರ್ಗ. ಕ್ಯೂಟಿವೆಬ್‌ಎಂಜಿನ್ ಬಂದ ಕೂಡಲೇ ಪರದೆ ಹೆಪ್ಪುಗಟ್ಟುತ್ತದೆ, ಮೌಸ್ ನಿಲ್ಲುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಯಂತ್ರಕ್ಕೆ ಉಸಿರು ಬರುತ್ತದೆ, ಎಮರ್ಜ್ ಮಾತ್ರ ಸತ್ತಿರುತ್ತದೆ.

ಬಿಲ್ಡ್.ಲಾಗ್‌ನ ಕೊನೆಯ ಸಾಲು "ನಿಂಜಾ: ಬಿಲ್ಡ್ ಸ್ಟಾಪ್ಡ್: ಸಬ್‌ಕಮಾಂಡ್ ಫೇಲ್ಡ್". ಈ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ಕೆಲಸ ಬಿದ್ದ ಮೇಲೂ ಆಗಲೇ ಶುರುವಾಗಿದ್ದ ಉಳಿದ ಹದಿನೈದು ಮುಗಿಯುವವರೆಗೆ ನಿಂಜಾ (ಕಂಪೈಲ್ ಕೆಲಸಗಳನ್ನು ಓಡಿಸುವ ಸಾಧನ) ಕಾಯುತ್ತದೆ, ಹಾಗಾಗಿ ನಿಜವಾದ ದೋಷ ಎಷ್ಟೋ ಸಾಲು ಮೇಲೆ ಹೂತಿರುತ್ತದೆ. "ಫೇಲ್ಡ್:" ಎಂದು ಹಿಂದಕ್ಕೆ ಹುಡುಕುತ್ತಾ ಹೋದರೆ ಸಿಕ್ಕಿದ್ದು ಇದು: "ಸಿ++: ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್". ಕರ್ನಲ್‌ನ ಲಾಗ್ ಆದ ಡಿಮೆಸೇಜ್‌ನಲ್ಲೂ ಔಟ್ ಆಫ್ ಮೆಮೊರಿ, ಸಿಸಿ1ಪ್ಲಸ್ (ಜಿಸಿಸಿ ಕಂಪೈಲರ್‌ನ ಸಿ++ ಭಾಗ) ಕೊಲ್ಲಲಾಗಿದೆ ಎಂಬ ದಾಖಲೆ. ಸತ್ತವನ ಅನಾನ್-ಆರ್‌ಎಸ್‌ಎಸ್ (ಹಿಡಿದುಕೊಂಡಿದ್ದ ಮೆಮೊರಿ) ಎರಡು ಜಿಬಿಗೆ ಹತ್ತಿರ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. "ಕಿಲ್ಡ್" ಎಂದಿದ್ದರೆ ಮೆಮೊರಿ ಸಾಲದು ಎಂದರ್ಥ. "ಇಂಟರ್ನಲ್ ಕಂಪೈಲರ್ ಎರರ್: ಸೆಗ್ಮೆಂಟೇಶನ್ ಫಾಲ್ಟ್" ಬಂದು, ಪ್ರತಿ ಸಲ ಬೇರೆ ಬೇರೆ ಫೈಲಿನಲ್ಲಿ ಬಿದ್ದರೆ ಮೊದಲ ಅನುಮಾನ ರ‍್ಯಾಮ್ ಕಡ್ಡಿಯ ಮೇಲೆ, ಮೆಮ್‌ಟೆಸ್ಟ್86+ ಓಡಿಸಿ. ಪ್ರತಿ ಸಲ ಅದೇ ಫೈಲ್, ಅದೇ ಸಾಲು ಆದರೆ ಆಗ ಮಾತ್ರ ಜಿಸಿಸಿಯನ್ನು ಬೈಯಬಹುದು. ಈ ಮೂರನ್ನು ಗೊಂದಲ ಮಾಡಿಕೊಂಡು ಆಪ್ಟಿಮೈಸೇಶನ್ ಮಟ್ಟ -ಓ2 ಅನ್ನು -ಓ1ಕ್ಕೆ ಇಳಿಸುವುದು, ಜಿಸಿಸಿ ಹಳೆಯ ಸ್ಲಾಟ್‌ಗೆ (ಪಕ್ಕಪಕ್ಕ ಇರಬಲ್ಲ ಆವೃತ್ತಿ) ಹೋಗುವುದು, ಇವೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. (ರ‍್ಯಾಮ್ ಮಾರುವವರ ಬಗ್ಗೆ ಒಂದು ಮಾತು: ಒಂದೇ ಮಾಡೆಲ್ ನಂಬರ್ ಬರೆದ ಎರಡು ಪೊಟ್ಟಣಗಳಲ್ಲಿ ಬೇರೆ ಬೇರೆ ಚಿಪ್ ತುಂಬಿ ಕಳಿಸುವುದನ್ನು ಯಾವಾಗ ನಿಲ್ಲಿಸುತ್ತೀರಿ? ಸೇರಿಸಿ ಕೊಳ್ಳುವುದಾದರೆ ಜೋಡಿಯಾಗಿಯೇ ಕೊಳ್ಳಿ.)

ಮೆಮೊರಿ ಸಾಲದು ಎಂದು ಗೊತ್ತಾದ ಮೇಲೆ ಲೆಕ್ಕ ಸುಲಭ. ಒಂದು ಕೆಲಸಕ್ಕೆ 2 ಜಿಬಿ ಎಂಬುದು ಹ್ಯಾಂಡ್‌ಬುಕ್ಕಿನ ನಿಯಮ. 16 ಜಿಬಿಗೆ -ಜೆ8. ಡೆಸ್ಕ್‌ಟಾಪ್‌ಗೆ 3 ಜಿಬಿ ಬಿಟ್ಟರೆ -ಜೆ6. ಕ್ಯೂಟಿವೆಬ್‌ಎಂಜಿನ್‌ಗೆ ಜಂಬೋ-ಬಿಲ್ಡ್ ಎಂಬ ಯೂಸ್ ಫ್ಲ್ಯಾಗ್ ಇದೆ. ಅನೇಕ ಸೋರ್ಸ್ ಫೈಲ್‌ಗಳನ್ನು ಒಂದಾಗಿ ಹೊಲಿದು ಕಂಪೈಲರ್‌ಗೆ ಕೊಡುತ್ತದೆ, ಸಮಯ ಉಳಿಯುತ್ತದೆ, ಆದರೆ ಒಂದೊಂದು ಸಿಸಿ1ಪ್ಲಸ್ ಇನ್ನಷ್ಟು ಉಬ್ಬುತ್ತದೆ. ಅದಕ್ಕಾಗಿ ಇನ್ನೊಂದು ಕಡಿಮೆ, -ಜೆ5. ಇಡೀ ಸಿಸ್ಟಮ್‌ಗೆ ಇದನ್ನು ಹೇರುವ ಅಗತ್ಯವಿಲ್ಲ. /ಇಟಿಸಿ/ಪೋರ್ಟೇಜ್/ಎನ್ವ್/ಭಾರಿ ಎಂಬ ಫೈಲ್‌ನಲ್ಲಿ ಎರಡು ಸಾಲು:

ಮೇಕ್‌ಆಪ್ಟ್ಸ್="-ಜೆ5"
ಪೋರ್ಟೇಜ್_ಟಿಎಂಪಿಡಿಐಆರ್="/ವರ್/ಟಿಎಂಪಿ/ನೋಟಿಎಂಪಿಎಫ್‌ಎಸ್"

ಯಾವ ಪ್ಯಾಕೇಜ್‌ಗೆ ಯಾವ ಎನ್ವ್ ಫೈಲ್ ಎಂದು ಹೇಳುವ ಪ್ಯಾಕೇಜ್.ಎನ್ವ್‌ನಲ್ಲಿ ಒಂದು ಸಾಲು:

ಡೆವ್-ಕ್ಯೂಟಿ/ಕ್ಯೂಟಿವೆಬ್‌ಎಂಜಿನ್ ಭಾರಿ

ಎರಡನೇ ಸಾಲು ಬಿಲ್ಡನ್ನು ಟಿಎಂಪಿಎಫ್‌ಎಸ್‌ನಿಂದ ಡಿಸ್ಕ್‌ಗೆ ಕಳಿಸುತ್ತದೆ; ಅದರಲ್ಲಿರುವ ಡೈರೆಕ್ಟರಿಯನ್ನು ಮೊದಲೇ ಮಾಡಿಟ್ಟು, ಮಾಲೀಕತ್ವ ಪೋರ್ಟೇಜ್:ಪೋರ್ಟೇಜ್, ಅನುಮತಿ 775 ಕೊಡಬೇಕು.

ಎಲ್ಲ ಸರಿ. ಮತ್ತೆ ಓಡಿಸಿದರೆ ಮತ್ತೆ "ಕಿಲ್ಡ್".

ಇಲ್ಲಿಂದ ಮುಂದೆಯೇ ಈ ವರದಿಯ ಸಾರ. ಒಂದೇ ಲಕ್ಷಣದ ಹಿಂದೆ ಮೂರು ಕಾರಣ ಸಾಲಾಗಿ ನಿಂತಿದ್ದವು. ಒಂದನ್ನು ಸರಿಮಾಡಿದರೂ ಲಕ್ಷಣ ಬದಲಾಗುವುದಿಲ್ಲ, ಹಾಗಾಗಿ ಸರಿಮಾಡಿದ್ದು ಸರಿಯೇ ಎಂದು ನಂಬುವುದೂ ಕಷ್ಟ.

ಮೊದಲನೆಯದು --ಜಾಬ್ಸ್=3. ಇದು ಮೇಕ್‌ಆಪ್ಟ್ಸ್ ಜೊತೆ ಕೂಡುವುದಿಲ್ಲ, ಗುಣಿಸುತ್ತದೆ. ಕ್ಯೂಟಿವೆಬ್‌ಎಂಜಿನ್ -ಜೆ5ರಲ್ಲಿ ಮರ್ಯಾದೆಯಿಂದ ಓಡುತ್ತಿದ್ದರೂ ಪಕ್ಕದಲ್ಲಿ ಇನ್ನೊಂದು ಬ್ರೌಸರ್ ಎಂಜಿನ್ ವೆಬ್‌ಕಿಟ್-ಜಿಟಿಕೆ -ಜೆ16ರಲ್ಲಿ ಕುಣಿಯುತ್ತಿರುತ್ತದೆ. ಎನ್ವ್ ಫೈಲ್‌ನಲ್ಲಿ ಎಮರ್ಜ್_ಡೀಫಾಲ್ಟ್_ಆಪ್ಟ್ಸ್ ಬರೆದರೆ ಪ್ರಯೋಜನವಿಲ್ಲ; ಅದನ್ನು ಓದುವುದು ಎಮರ್ಜ್, ಪ್ಯಾಕೇಜ್‌ಗಳ ಸರದಿ ಬರುವ ಮೊದಲೇ ಓದಿ ಮುಗಿಸಿರುತ್ತದೆ. ಭಾರಿ ಪ್ಯಾಕೇಜ್‌ಗಳು ಪಟ್ಟಿಯಲ್ಲಿದ್ದ ದಿನ ಆಜ್ಞೆಯ ಸಾಲಿನಲ್ಲೇ --ಜಾಬ್ಸ್=1 ಎಂದು ಕೊಡುವುದೊಂದೇ ನೇರ ದಾರಿ.

ಮೇಕ್‌ಆಪ್ಟ್ಸ್‌ಗೆ -ಎಲ್ (ಲೋಡ್ ಮಿತಿ) ಹಾಕಿದರೆ ಲೋಡ್ ನೋಡಿಕೊಂಡು ತಡೆಯುತ್ತದಲ್ಲ ಎಂದು ಕೇಳಬಹುದು. ತಡೆಯುತ್ತದೆ, ತಡವಾಗಿ. ನಿಂಜಾ ನೋಡುವುದು ಒಂದು ನಿಮಿಷದ ಸರಾಸರಿ. ಲೋಡ್ ಆವರೇಜ್‌ಗೆ ಮೆಮೊರಿಯ ಗಂಧಗಾಳಿ ಇಲ್ಲ. ಸ್ವಾಪ್‌ಗಾಗಿ ಕಾಯುತ್ತಾ ಡಿ ಸ್ಥಿತಿಯಲ್ಲಿ ನಿಂತ ಪ್ರೊಸೆಸ್‌ಗಳನ್ನು ಲಿನಕ್ಸ್ ಲೋಡ್‌ನಲ್ಲಿ ಸೇರಿಸುತ್ತದೆ ನಿಜ, ಆದರೆ ಅಂಕಿ ಏರುವ ಹೊತ್ತಿಗೆ ಊರು ಮುಳುಗಿರುತ್ತದೆ.

ಎರಡನೆಯದು ಟಿಎಂಪಿಎಫ್‌ಎಸ್. ಕ್ಯೂಟಿವೆಬ್‌ಎಂಜಿನ್ ಅನ್ನು ಡಿಸ್ಕ್‌ಗೆ ಕಳಿಸಿದ ಮೇಲೂ ರ‍್ಯಾಮ್ ಯಾಕೆ ಕಡಿಮೆ? ಬಿದ್ದ ಬಿಲ್ಡ್‌ನ ಕೆಲಸದ ಡೈರೆಕ್ಟರಿಯನ್ನು ಪೋರ್ಟೇಜ್ ಅಳಿಸುವುದಿಲ್ಲ, ತನಿಖೆಗೆ ಬೇಕಾಗಬಹುದು ಎಂದು ಹಾಗೇ ಬಿಡುತ್ತದೆ. --ಕೀಪ್-ಗೋಯಿಂಗ್‌ನಲ್ಲಿ (ಒಂದು ಬಿದ್ದರೂ ಉಳಿದವನ್ನು ಮುಂದುವರಿಸುವ ಆಯ್ಕೆ) ಹಿಂದೆ ಬಿದ್ದ ದೊಡ್ಡ ಪ್ಯಾಕೇಜ್‌ನ ಮರ ಪೂರ್ತಿ ಟಿಎಂಪಿಎಫ್‌ಎಸ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಕೂತಿರುತ್ತದೆ. ಓಓಎಂ (ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಕರ್ನಲ್ ವ್ಯವಸ್ಥೆ) ಎಷ್ಟು ಸಿಸಿ1ಪ್ಲಸ್‌ಗಳನ್ನು ಕೊಂದರೂ ಆ ಜಾಗ ಬಿಡುಗಡೆಯಾಗುವುದಿಲ್ಲ, ಅದು ಯಾವ ಪ್ರೊಸೆಸ್‌ನದ್ದೂ ಅಲ್ಲ. ಟಾಪ್‌ನಲ್ಲಿ ಕಾಣುವುದೂ ಇಲ್ಲ. ಫ್ರೀ -ಎಚ್‌ನ "ಶೇರ್ಡ್" ಅಂಕಣ ನೋಡಿ, ಡಿಎಫ್ -ಎಚ್ /ವರ್/ಟಿಎಂಪಿ/ಪೋರ್ಟೇಜ್ ನೋಡಿ. ಎಮರ್ಜ್ ಯಾವುದೂ ಓಡದಿರುವಾಗ ಆ ಡೈರೆಕ್ಟರಿಯೊಳಗಿನದ್ದನ್ನು ಅಳಿಸಿದರೆ ಕಳೆದುಹೋದ ಹಲವು ಜಿಬಿ ಒಮ್ಮೆಲೇ ವಾಪಸ್.

ಮೂರನೆಯದೇ ಕಳ್ಳ. --ಜಾಬ್ಸ್=1, ಟಿಎಂಪಿಎಫ್‌ಎಸ್ ಖಾಲಿ, ಎನ್ವ್ ಫೈಲ್‌ನಲ್ಲಿ -ಜೆ5. ಆದರೂ ಇನ್ನೊಂದು ಟರ್ಮಿನಲ್‌ನಲ್ಲಿ ಪಿಗ್ರೆಪ್ -ಸಿ ಸಿಸಿ1ಪ್ಲಸ್ ಎಂದು ಓಡುತ್ತಿರುವವನ್ನು ಎಣಿಸಿದರೆ ಉತ್ತರ 16. ಐದು ಹೇಳಿದ ಕಡೆ ಹದಿನಾರು! ಬಿಲ್ಡ್.ಲಾಗ್‌ನಲ್ಲಿ ಕಂಪೈಲ್ ಹಂತ ಶುರುವಾಗುವ ಜಾಗಕ್ಕೆ ಹೋದರೆ ಸಾಕ್ಷಿ ಅಲ್ಲೇ ಇದೆ: "ನಿಂಜಾ -ವಿ -ಜೆ16". ಅಂದರೆ ನಮ್ಮ ಮೇಕ್‌ಆಪ್ಟ್ಸ್ ನಿಂಜಾವರೆಗೆ ತಲುಪಿಯೇ ಇಲ್ಲ.

ಕಾರಣ ಮೇಕ್.ಕಾನ್ಫ್‌ನ ತಳದಲ್ಲಿದ್ದ ಒಂದು ಸಾಲು: ನಿಂಜಾಆಪ್ಟ್ಸ್="-ಜೆ16". ಎಲ್ಲೆಡೆ ಹಂಚಿಕೆಯಾಗುವ "ವೇಗದ ಮೇಕ್.ಕಾನ್ಫ್" ಮಾದರಿಗಳಲ್ಲಿ ಇಂಥ ಸಾಲು ಇರುವುದುಂಟು. ನಿಂಜಾಆಪ್ಟ್ಸ್ ಎಲ್ಲೂ ಬರೆದಿಲ್ಲದಿದ್ದರೆ ಮಾತ್ರ ಪೋರ್ಟೇಜ್‌ನ ಇಕ್ಲಾಸ್‌ಗಳು (ಪ್ಯಾಕೇಜ್‌ಗಳು ಹಂಚಿಕೊಳ್ಳುವ ಬಿಲ್ಡ್ ಸ್ಕ್ರಿಪ್ಟ್‌ಗಳು) ಮೇಕ್‌ಆಪ್ಟ್ಸ್‌ನಿಂದ ಜೆ ಮತ್ತು ಎಲ್ ಎತ್ತಿಕೊಳ್ಳುತ್ತವೆ. ಒಮ್ಮೆ ಅದಕ್ಕೆ ಬೆಲೆ ಕೊಟ್ಟರೆ ಅದೇ ಅಂತಿಮ, ಪ್ಯಾಕೇಜ್.ಎನ್ವ್‌ನ ಮೇಕ್‌ಆಪ್ಟ್ಸ್ ಬರೀ ಅಲಂಕಾರ. ಮೇಕ್ ಬಳಸುವ ಪ್ಯಾಕೇಜ್‌ಗಳಲ್ಲಿ ಎನ್ವ್ ಫೈಲ್ ಸರಿಯಾಗಿ ಕೆಲಸ ಮಾಡುವುದರಿಂದ, ಪರೀಕ್ಷಿಸಲು ಸಣ್ಣ ಪ್ಯಾಕೇಜ್ ಆರಿಸಿಕೊಂಡರೆ ದೋಷ ಕಾಣುವುದೇ ಇಲ್ಲ. ಸೀಮೇಕ್, ಮೇಸನ್ ಎಂಬ ಬಿಲ್ಡ್ ಸಾಧನ ಬಳಸುವವು ಹೆಚ್ಚಾಗಿ ನಿಂಜಾದ ಮೂಲಕ ಹೋಗುತ್ತವೆ, ದೈತ್ಯರೆಲ್ಲ ಅದೇ ಗುಂಪಿನವರು.

ಆ ಸಾಲು ಅಳಿಸಿ ಓಡಿಸಿದಾಗ ಲಾಗ್‌ನಲ್ಲಿ "ನಿಂಜಾ -ವಿ -ಜೆ5" ಎಂದು ಬಂತು, ಪಿಗ್ರೆಪ್ 5 ಎಂದಿತು. ಮೆಮೊರಿ 12 ಜಿಬಿ ಆಸುಪಾಸಿನಲ್ಲಿ ತೂಗಾಡುತ್ತಾ, ಪುಟ ಮೂಡಿಸುವ ಬ್ಲಿಂಕ್ ಭಾಗ ದಾಟುವಾಗ ಸ್ವಲ್ಪ ಸ್ವಾಪ್ ಮುಟ್ಟಿ, ಮೂರು ಗಂಟೆ ದಾಟಿದ ಮೇಲೆ ಮುಗಿಯಿತು. ಎಮರ್ಜ್ ತನ್ನ ಲಾಗ್‌ನಲ್ಲಿ ದಾಖಲಿಸುವ ಈ ಅವಧಿಯನ್ನು ಕ್ಯೂಲಾಪ್ -ಟಿ ತೋರಿಸುತ್ತದೆ, ಮುಂದಿನ ಸಲ ಎಷ್ಟು ಹೊತ್ತು ಯಂತ್ರದ ಆಸೆ ಬಿಡಬೇಕು ಎಂದು ತಿಳಿಯಲು ಅನುಕೂಲ.

ಎನ್ವ್ ಫೈಲ್‌ನ ಇನ್ನೊಂದು ಗುಂಡಿಯನ್ನೂ ಇಲ್ಲೇ ಹೇಳಿಬಿಡಬೇಕು. ಎಲ್‌ಟಿಒ (ಲಿಂಕ್ ಹಂತದ ಆಪ್ಟಿಮೈಸೇಶನ್) ಹಾಕಿಕೊಂಡವರು ಭಾರಿ ಪ್ಯಾಕೇಜ್‌ಗೆ ಅದನ್ನು ತೆಗೆಯಲು ಎನ್ವ್‌ನಲ್ಲಿ ಕಾಮನ್_ಫ್ಲ್ಯಾಗ್ಸ್ ಬದಲಿಸುತ್ತಾರೆ, ಏನೂ ಆಗುವುದಿಲ್ಲ. ಮೇಕ್.ಕಾನ್ಫ್ ಓದುವಾಗಲೇ ಸಿಫ್ಲ್ಯಾಗ್ಸ್ ಮತ್ತು ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್ ಒಳಗೆ ಅದರ ಬೆಲೆ ಬಿಚ್ಚಿಕೊಂಡಾಗಿರುತ್ತದೆ. ಎನ್ವ್‌ನಲ್ಲಿ ಆ ಎರಡನ್ನೂ ಹೆಸರು ಹಿಡಿದು ಮತ್ತೆ ಬರೆಯಬೇಕು, ಫೋರ್ಟ್ರಾನ್ ಪ್ಯಾಕೇಜ್ ಆದರೆ ಎಫ್‌ಎಫ್‌ಲ್ಯಾಗ್ಸ್, ಎಫ್‌ಸಿಫ್ಲ್ಯಾಗ್ಸ್ ಕೂಡ.

ಅರ್ಧದಲ್ಲಿ ಬಿದ್ದದ್ದನ್ನು ಮುಂದುವರಿಸಲು ಎಮರ್ಜ್ --ರೆಸ್ಯೂಮ್ ಸಾಲದು. ಆ ಪ್ಯಾಕೇಜನ್ನು ಅದು ಮೊದಲಿಂದ ಶುರುಮಾಡುತ್ತದೆ. ಇಬಿಲ್ಡ್ ಆಜ್ಞೆಗೆ ಇಬಿಲ್ಡ್ ಫೈಲಿನ (ಪ್ಯಾಕೇಜ್ ಕಟ್ಟುವ ವಿಧಾನ ಬರೆದ ಫೈಲ್) ಪೂರ್ಣ ದಾರಿ ಕೊಟ್ಟು ಮರ್ಜ್ ಎಂದರೆ ನಿಂತಲ್ಲಿಂದ ಹೋಗುತ್ತದೆ, ಆದರೆ ಹಳೆಯ ಎನ್ವಿರಾನ್‌ಮೆಂಟನ್ನೇ ಓದುತ್ತೇನೆ ಎಂದು ಅದೇ ಎಚ್ಚರಿಸುತ್ತದೆ. ಫ್ಲ್ಯಾಗ್ ಬದಲಿಸಿದ್ದರೆ ಈ ದಾರಿ ಬೇಡ. ಇಂಥ ದೈತ್ಯರಿಗೆ ಮಾತ್ರ ಸಿಕ್ಯಾಶ್ ಹಾಕಿಕೊಳ್ಳುವುದು ಒಳ್ಳೆಯದು: ಮೊದಲಿಂದ ಶುರುವಾದರೂ ಮುಗಿದ ಫೈಲ್‌ಗಳು ಕ್ಯಾಶ್‌ನಿಂದ ಸರಸರನೆ ಬರುತ್ತವೆ. ಇಡೀ ಸಿಸ್ಟಮ್‌ಗೆ ಸಿಕ್ಯಾಶ್ ಅನಗತ್ಯ.

ಡೌನ್‌ಲೋಡ್ ಬಗ್ಗೆಯೂ ಗೊಣಗಲೇಬೇಕು. ಈ ಸೋರ್ಸ್ ಟಾರ್‌ಬಾಲ್ ನೂರಾರು ಎಂಬಿ. ಒಂದು ಮಿರರ್ ದೋಷದ ಪುಟವನ್ನೇ ಟಾರ್‌ಬಾಲ್ ಎಂದು ಕೊಟ್ಟು ಕೈತೊಳೆದುಕೊಂಡಿತು. ಪೋರ್ಟೇಜ್ ಅದನ್ನು "ಚೆಕ್‌ಸಮ್_ಫೇಲ್ಯೂರ್" ಎಂದು ಹೆಸರು ಬದಲಿಸಿ ಪಕ್ಕಕ್ಕಿಟ್ಟು ಮುಂದಿನ ಮಿರರ್‌ಗೆ ಹೋಯಿತು. ಜೆಂಟೂ_ಮಿರರ್ಸ್‌ನಲ್ಲಿ ಒಂದೇ ವಿಳಾಸ ಇಡಬೇಡಿ. ರಾತ್ರಿ ಬಿಲ್ಡ್‌ಗೆ ಕೂರಿಸುವ ಮೊದಲು --ಫೆಚ್‌ಓನ್ಲಿ ಓಡಿಸಿಕೊಳ್ಳಿ.

ಕ್ಯೂಟಿಯ ವಿಷಯದಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಇನ್ನೊಂದು ಕಾಟ. ಕ್ಯೂಟಿವೆಬ್‌ಎಂಜಿನ್‌ಗೆ ತನ್ನದೇ ಆವೃತ್ತಿಯ ಕ್ಯೂಟಿಬೇಸ್ (ಕ್ಯೂಟಿ ಲೈಬ್ರರಿಗಳ ತಳಭಾಗ) ಬೇಕು. ಕ್ಯೂಟಿಬೇಸ್ ಮೊದಲು ಹೊಸದಾಗಿ, ಕ್ಯೂಟಿವೆಬ್‌ಎಂಜಿನ್ ಬಿದ್ದರೆ ಸಿಸ್ಟಮ್ ಎರಡು ಆವೃತ್ತಿಗಳ ನಡುವೆ ನೇತಾಡುತ್ತದೆ, ಇದನ್ನು ನಂಬಿದ ಬ್ರೌಸರ್ ತೆರೆಯದೇ ಹೋಗಬಹುದು. ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಇದ್ದರೆ ದೊಡ್ಡ ಕ್ಯೂಟಿ ಅಪ್‌ಡೇಟ್‌ಗೆ ಮೊದಲು ಸ್ನ್ಯಾಪ್‌ಶಾಟ್ ತೆಗೆಯಿರಿ. ತೀರಾ ಅವಸರವಿದ್ದರೆ ಎಮರ್ಜ್ -1 --ಗೆಟ್‌ಬಿನ್‌ಪಿಕೆಜಿ ಡೆವ್-ಕ್ಯೂಟಿ/ಕ್ಯೂಟಿವೆಬ್‌ಎಂಜಿನ್. ಜೆಂಟೂ 2023ರ ಡಿಸೆಂಬರ್ ಕೊನೆಯಿಂದ ಎಎಂಡಿ64ಕ್ಕೂ ಆರ್ಮ್64ಕ್ಕೂ ಬೈನರಿ ಪ್ಯಾಕೇಜ್ ಕೊಡುತ್ತಿದೆ, ಯೂಸ್ ಫ್ಲ್ಯಾಗ್ ಹೊಂದಿದರೆ ಸಾಕು. ಇದರಿಂದ ಯಾರ ಜಾತಿಯೂ ಕೆಡುವುದಿಲ್ಲ.

ಬೈನರಿ ಎಂದಾಗ ಮುಂದಿನ ಯೋಜನೆ ನೆನಪಾಯಿತು: ಈ ಯಂತ್ರದಲ್ಲೇ ಹಳೆಯ ಲ್ಯಾಪ್‌ಟಾಪ್‌ಗೆ ಪ್ಯಾಕೇಜ್ ಕಟ್ಟುವುದು. ಪ್ರತ್ಯೇಕ ಕ್ರೂಟ್ (ಬೇರೆ ಡೈರೆಕ್ಟರಿಯೊಳಗೆ ಇನ್ನೊಂದು ಸಿಸ್ಟಮ್), ಅದರಲ್ಲಿ ಫೀಚರ್ಸ್="ಬಿಲ್ಡ್‌ಪಿಕೆಜಿ", ಪಿಕೆಜಿಡಿಐಆರ್ ಅನ್ನು ಎಚ್‌ಟಿಟಿಪಿ ಮೂಲಕ ಬಡಿಸಿದರೆ ಲ್ಯಾಪ್‌ಟಾಪ್‌ನ ಬಿನ್‌ರೆಪೋಸ್.ಕಾನ್ಫ್‌ಗೆ ಆ ವಿಳಾಸ. -ಮಾರ್ಚ್=ನೇಟಿವ್ (ಕಟ್ಟುವ ಯಂತ್ರದ ಸಿಪಿಯುಗೇ ಹೊಂದಿಸುವ ಫ್ಲ್ಯಾಗ್) ಮಾತ್ರ ಅಲ್ಲಿಗೆ ಕಾಲಿಡಬಾರದು; ಇಲ್ಲಿ ಕಟ್ಟಿದ್ದು ಅಲ್ಲಿ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಬೀಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ರಿಸಾಲ್ವ್-ಮಾರ್ಚ್-ನೇಟಿವ್ ಓಡಿಸಿ ಸಿಕ್ಕ ಸಾಲನ್ನು ಕ್ರೂಟ್‌ನ ಮೇಕ್.ಕಾನ್ಫ್‌ಗೆ ತರಬೇಕು, ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಕೂಡ ಅಲ್ಲಿಯೇ ಓಡಿಸಬೇಕು. ಅದರ ಜೊತೆಗೆ ಜಾಬ್‌ಸರ್ವರ್ ಆಟವೂ ಇದೆ: ಮೇಕ್ 4.4 ಫಿಫೋ ಮಾದರಿಯ ಜಾಬ್‌ಸರ್ವರ್ ತಂದಿದೆ, ನಿಂಜಾ 1.13 ಅದಕ್ಕೆ ಗ್ರಾಹಕನಾಗಬಲ್ಲದು. ಎಲ್ಲ ಪ್ಯಾಕೇಜ್‌ಗಳೂ ಒಂದೇ ಟೋಕನ್ ಪೆಟ್ಟಿಗೆಯಿಂದ ಕೆಲಸ ಪಡೆದರೆ --ಜಾಬ್ಸ್ ಗುಣಾಕಾರದ ಕಾಟ ತಪ್ಪುತ್ತದೆ. ಮೆಮೊರಿಯ ಲೆಕ್ಕ ಆಗಲೂ ನಮ್ಮದೇ.

ಸದ್ಯ ಸರದಿಯಲ್ಲಿ ವೆಬ್‌ಕಿಟ್-ಜಿಟಿಕೆ. ಅದಕ್ಕೂ "ಭಾರಿ" ಎಂದು ಬರೆದಾಗಿದೆ. ಇದರ ಒಂದೊಂದು ಸ್ಲಾಟ್ ಬೇರೆ ಬೇರೆಯಾಗಿ ಕಂಪೈಲ್ ಆಗುತ್ತದೆ, ಈ ಪಟ್ಟಿಯಲ್ಲಿ 4.1 ಮತ್ತು 6 ಎರಡೂ ಇವೆ. 4.1 ಅನ್ನು ಹಿಡಿದುಕೊಂಡಿರುವವನು ಯಾರು ಎಂದು ಇಕ್ವೆರಿ ಡಿಪೆಂಡ್ಸ್ ಕೇಳಿದರೆ ಬಂದದ್ದು ಒಂದೇ ಹೆಸರು, ಯಾರೂ ತೆರೆಯದ ಒಂದು ಮೇಲ್ ಕ್ಲೈಂಟ್. ಎಮರ್ಜ್ --ಡಿಸೆಲೆಕ್ಟ್ ಮಾಡಿ --ಡಿಪ್‌ಕ್ಲೀನ್‌ಗೆ ಕಳಿಸುತ್ತಿದ್ದೇನೆ.