ಮೇಲಿನ ಮನೆ ಖಾಲಿ ಇದೆ, ಕಾರ್ ಪಾರ್ಕಿಂಗ್ ಇಲ್ಲ

ಬಾಡಿಗೆ ಮನೆಯ ಜಾಹೀರಾತಿನಲ್ಲಿ ಮೊದಲು ಬರೆಯಬೇಕಾದ್ದು ಮನೆಯಲ್ಲಿ ಏನೇನಿಲ್ಲ ಅನ್ನುವುದನ್ನು. ಏನೇನಿದೆ ಅನ್ನುವುದು ಆಮೇಲೆ. ಹೀಗಂದರೆ ನಮ್ಮ ಯಜಮಾನರು ಈಗಲೂ ನಗುತ್ತಾರೆ. "ಹೆಣ್ಣು ತೋರಿಸೋವಾಗ ಹುಡುಗಿಗೆ ಕೋಪ ಜಾಸ್ತಿ ಅಂತ ಯಾರಾದ್ರೂ ಹೇಳ್ತಾರೇನೆ?" ಅನ್ನುತ್ತಾರೆ. ಹೇಳಿದ್ದರೆ ಎಷ್ಟೋ ಸಂಸಾರ ನೆಟ್ಟಗಿರುತ್ತಿತ್ತು ಅಂತ ನನ್ನ ಉತ್ತರ.

ನಮ್ಮದು ಮೈಸೂರಿನ ರಾಮಕೃಷ್ಣನಗರದಲ್ಲಿ ಮೂವತ್ತು ನಲವತ್ತರ ಸೈಟು. ಕೆಳಗೆ ನಾವಿಬ್ಬರು, ಮೇಲೆ ಎರಡು ಬೆಡ್‌ರೂಮಿನ ಒಂದು ಮನೆ. ನಾನು ಟೆಲಿಫೋನ್ ಇಲಾಖೆಯಲ್ಲಿದ್ದೆ. 2000ದಲ್ಲಿ ಅದು ಬಿಎಸ್‌ಎನ್‌ಎಲ್ ಆಯಿತು. 2020ರ ಜನವರಿ ಕೊನೆಗೆ ದೇಶದಾದ್ಯಂತ ಸುಮಾರು 78 ಸಾವಿರ ಜನ ಒಟ್ಟಿಗೆ ವಿಆರ್‌ಎಸ್ ತಗೊಂಡು ಹೊರಗೆ ಬಂದರಲ್ಲ, ಅವರಲ್ಲಿ ನಾನೂ ಒಬ್ಬಳು. ಆ ದುಡ್ಡಿನಲ್ಲಿ ಎದ್ದಿದ್ದು ಈ ಮೇಲಿನ ಮನೆ. ಪಿಂಚಣಿ ಊಟಕ್ಕೆ, ಬಾಡಿಗೆ ಮಿಕ್ಕಿದ್ದಕ್ಕೆ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ನಮ್ಮಂಥವರಿಗೆ ಗೊತ್ತಾಗುತ್ತದೆ. ಹತ್ತು ಫ್ಲಾಟ್ ಇಟ್ಟವರಿಗೆ ಗೊತ್ತಾಗಲಿಕ್ಕಿಲ್ಲ.

ಯಜಮಾನರಿಗೆ ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿದರೆ ಸಮಾಧಾನ. ಬೋರ್ಡಿಗೂ ಒಂದು ಗುಣ ಇದೆ, ಇಲ್ಲ ಅನ್ನುವುದಿಲ್ಲ. ಅದನ್ನು ನೋಡಿ ಬಂದವನು ರಸ್ತೆ ನೋಡಿರುತ್ತಾನೆ. ಕಾರ್ ಎಲ್ಲಿ ನಿಲ್ಲಿಸಬೇಕು, ಪಕ್ಕದಲ್ಲಿ ಖಾಲಿ ಸೈಟಿದೆಯಾ, ಮೆಟ್ಟಿಲು ಯಾವ ಕಡೆಯಿಂದ ಎಲ್ಲಾ ಅವನ ಕಣ್ಣಿಗೆ ಬಿದ್ದಿರುತ್ತದೆ. ಆಮೇಲೇ ಬೆಲ್ ಒತ್ತುತ್ತಾನೆ. ಆನ್‌ಲೈನ್‌ನಲ್ಲಿ ನೋಡುವವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತಿರುತ್ತಾರೆ. ರಸ್ತೆ ತೋರಿಸುತ್ತಿದ್ದ ಅಷ್ಟನ್ನೂ ಈಗ ಜಾಹೀರಾತೇ ತೋರಿಸಬೇಕು. ಬಹಳ ಜನ ಇದನ್ನು ಬಿಟ್ಟು "ಗುಡ್ ವೆಂಟಿಲೇಶನ್, ಪ್ರೈಮ್ ಲೊಕೇಶನ್" ಅಂತ ಬರೆದು ಸುಮ್ಮನಾಗುತ್ತಾರೆ. ಮೈಸೂರಿನಲ್ಲಿ ಪ್ರೈಮ್ ಅಲ್ಲದ ಲೊಕೇಶನ್ ಯಾವುದು ಅಂತ ಜಾಹೀರಾತು ಓದಿ ಇದುವರೆಗೂ ನನಗೆ ಗೊತ್ತಾಗಿಲ್ಲ.

ಈ ಸಲ ಹಾಕಿದ್ದು ಹೀಗಿತ್ತು:

"ಎರಡು ಬೆಡ್‌ರೂಮು, ಮೊದಲ ಮಹಡಿ, ರಾಮಕೃಷ್ಣನಗರ. ಬಾಡಿಗೆ 14,000, ಅಡ್ವಾನ್ಸ್ 80,000. ನೀರಿಗೆ ಬೇರೆ ದುಡ್ಡಿಲ್ಲ. ಕರೆಂಟ್ ಮೀಟರ್ ಬೇರೆ. ಕಾರ್ ನಿಲ್ಲಿಸಲು ಜಾಗ ಇಲ್ಲ, ಎರಡು ಬೈಕ್ ನಿಲ್ಲಿಸಬಹುದು. ಲಿಫ್ಟ್ ಇಲ್ಲ. ಮೆಟ್ಟಿಲು ಹೊರಗಿನಿಂದ, ಅಗಲ ಎರಡೂ ಮುಕ್ಕಾಲು ಅಡಿ. ಎರಡನೇ ರೂಮು ಚಿಕ್ಕದು, 9 ಅಡಿಗೆ 10 ಅಡಿ. ಏಪ್ರಿಲ್ ಮೇ ಮಧ್ಯಾಹ್ನ ಹಾಲ್ ಕಾಯುತ್ತದೆ. ಸೋಲಾರ್ ಇದೆ, ಮೋಡ ಇದ್ದ ದಿನ ಗೀಸರ್ ಹಾಕಿಕೊಳ್ಳಬೇಕು. ಬಾಗಿಲು ಉತ್ತರಕ್ಕೆ. ಓನರ್ ಕೆಳಗೇ ಇರುತ್ತಾರೆ. ಅಡುಗೆ ನಿಮ್ಮಿಷ್ಟ. ಫ್ಯಾಮಿಲಿ, ಬ್ಯಾಚುಲರ್ ಯಾರಾದರೂ ಸರಿ. ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ."

ಕೊನೆಯ ಸಾಲಿಗೆ ಮನೆಯಲ್ಲಿ ಜಗಳವೇ ಆಯಿತು. ಪೇಂಟಿಂಗ್ ವಿಷಯ ಈಗಲೇ ಯಾಕೆ ಅಂತ ಯಜಮಾನರು. ನಮ್ಮ ಕಡೆ ಇದನ್ನು ಬಾಡಿಗೆಗೆ ಬಂದವರು ಮನೆ ಬಿಡುವ ದಿನ ಕೇಳಿ ತಿಳಿಯುತ್ತಾರೆ. ಗಾಡಿಗೆ ಸಾಮಾನು ತುಂಬಿಸಿ ಕೀ ಕೈಗೆ ಕೊಡುವ ಹೊತ್ತಿನಲ್ಲಿ ಲೆಕ್ಕ ಶುರುವಾಗುತ್ತದೆ, ಅಲ್ಲಿಯವರೆಗೆ ಚೆನ್ನಾಗಿದ್ದವರು ಮುಖ ಕೆಡಿಸಿಕೊಂಡು ಹೋಗುತ್ತಾರೆ. ನನಗೆ ಅದು ಬೇಡ. "ಓನರ್ ಕೆಳಗೇ ಇರುತ್ತಾರೆ" ಅನ್ನುವುದಕ್ಕೂ ಅವರು ಬೇಡ ಅಂದರು. ಆದರೆ ಅದು ನಿಜವಾಗಿಯೂ ಕೆಲವರಿಗೆ ಕಷ್ಟದ ವಿಷಯ. ರಾತ್ರಿ ತಡವಾಗಿ ಬರುವವರು, ಮನೆ ತುಂಬ ಸ್ನೇಹಿತರು ಇರುವವರು, ಅಥವಾ ಓನರ್ ಅಂದರೇನೇ ಆಗದವರು ಅಲ್ಲೇ ಬಿಟ್ಟು ಮುಂದೆ ಹೋಗಲಿ. ಇಬ್ಬರಿಗೂ ಒಳ್ಳೆಯದು.

ಫೋಟೋ ವಿಷಯಕ್ಕೆ ಬರುತ್ತೇನೆ. ಈಗಿನ ಫೋನಿನಲ್ಲಿ 0.5 ಅಂತ ಒಂದು ಗುಂಡಿ ಇದೆ. ಒತ್ತಿದರೆ ನಮ್ಮ ಹಾಲ್ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಅದನ್ನು ಮುಟ್ಟಲೇಬೇಡಿ. ಮನೆ ನೋಡಲು ಬಂದವರು ಬಾಗಿಲಲ್ಲಿ ನಿಂತು "ಇಷ್ಟೇನಾ?" ಅಂತ ಮುಖ ಮಾಡುತ್ತಾರೆ. ಆ ಮುಖ ಒಂದು ಸಲ ಬಂತು ಅಂದರೆ ಆಮೇಲೆ ಅಡುಗೆಮನೆಗೆ ಎಷ್ಟು ಚೆನ್ನಾಗಿ ಗಾಳಿ ಬೆಳಕು ಬಂದರೂ ಅವರ ತಲೆಗೆ ಹೋಗುವುದಿಲ್ಲ.

ನಮ್ಮ ಅಡುಗೆಮನೆ ಪೂರ್ವಕ್ಕಿದೆ, ಅದರ ಫೋಟೋ ಬೆಳಿಗ್ಗೆ ಎಂಟರ ಒಳಗೆ ತೆಗೆದೆ. ಕಟ್ಟೆ ಮೇಲೆ ಏನೂ ಇಡಲಿಲ್ಲ, ಸಿಂಕ್ ಒರೆಸಿದೆ. ಬಚ್ಚಲಿನ ಫೋಟೋವನ್ನೂ ಹಾಕಿದೆ. ಹೆಂಗಸರು ಮೊದಲು ಕೇಳುವುದೇ ಅದನ್ನ, ಜಾಹೀರಾತು ಹಾಕುವ ಗಂಡಸರಿಗೆ ಮಾತ್ರ ನೆನಪಾಗುವುದಿಲ್ಲ. ಆದರೆ ಎಲ್ಲಕ್ಕಿಂತ ಕೆಲಸ ಮಾಡಿದ್ದು ಮೆಟ್ಟಿಲಿನ ಫೋಟೋ. ಅರ್ಧಕ್ಕೆ ತಿರುಗುವ ಕಡೆ ಮೆಟ್ಟಿಲಿನ ಮೇಲೆ ಅಡ್ಡಲಾಗಿ ಟೇಪು ಹಿಡಿದು, ಅಂಕಿ ಕಾಣುವ ಹಾಗೆ ತೆಗೆದೆ. ಹಿಂದಿನವರು ಬಂದಾಗ ಅವರ ಸೋಫಾ ಆ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪ್ಯಾಕರ್ಸ್ ಹುಡುಗರು ಅದನ್ನು ಮತ್ತೆ ಕೆಳಗಿಳಿಸಿ, ಹಗ್ಗ ಕಟ್ಟಿ, ಬಾಲ್ಕನಿ ಮೇಲಿಂದ ಎಳೆದರು. ನಮ್ಮ ದಾಸವಾಳದ ಗಿಡದ ಅರ್ಧ ಕೊಂಬೆ ಸೋಫಾ ಜೊತೆಗೇ ಮೇಲೆ ಹೋಯಿತು. ಈ ಸಲ ಫೋಟೋ ನೋಡಿ ಒಬ್ಬರು ಫೋನ್ ಮಾಡಿ ತಮ್ಮ ಡಬಲ್ ಡೋರ್ ಫ್ರಿಜ್ಜಿನ ಅಳತೆ ಹೇಳಿ "ಆಗಲ್ಲ ಮೇಡಂ" ಅಂತ ತಾವೇ ತೀರ್ಮಾನ ಮಾಡಿ ಫೋನ್ ಇಟ್ಟರು. ಅವರ ಒಂದು ಭಾನುವಾರ ಉಳಿಯಿತು, ನನ್ನದೂ.

ಫೋಟೋದಲ್ಲಿ ಮನೆ ನಂಬರ್, ನೇಮ್ ಪ್ಲೇಟ್, ಗಾಡಿ ನಂಬರ್ ಕಾಣಬಾರದು. ನಿಮ್ಮ ಫೋಟೋಗಳನ್ನೇ ಎತ್ತಿ ಇನ್ನೊಂದು ಕಡೆ ಕಡಿಮೆ ಬಾಡಿಗೆಗೆ ಹಾಕಿ, ಟೋಕನ್ ಅಡ್ವಾನ್ಸ್ ಹಾಕಿಸಿಕೊಂಡು ಮಾಯವಾಗುವವರಿದ್ದಾರೆ. ದುಡ್ಡು ಕಳಕೊಂಡವರು ಬಂದು ನಿಮ್ಮ ಗೇಟಿನ ಮುಂದೆ ನಿಲ್ಲುತ್ತಾರೆ. ಜಾಹೀರಾತಿಗೆ ಹಳೇ ಫೋನು, ಬೇರೆ ಸಿಮ್ ಇಡುವುದು ಒಳ್ಳೆಯದು. ಮಗಳ ಮದುವೆ ಫೋಟೋ ಇರುವ ವಾಟ್ಸಾಪ್ ನಂಬರನ್ನು ಊರಿಗೆಲ್ಲ ಯಾಕೆ ಕೊಡಬೇಕು?

ಇನ್ನು ಕರೆಗಳು. ಟ್ರಂಕ್ ಕಾಲ್ ಕಾಲದಿಂದ ಹೆಡ್‌ಫೋನ್ ಹಾಕಿಕೊಂಡು ಕೂತವಳು ನಾನು, ಹಲೋ ಅನ್ನುವುದರಲ್ಲೇ ಆ ಕಡೆಯವರ ಅವಸರ ತಿಳಿಯುತ್ತದೆ. ಜಾಹೀರಾತು ಹಾಕಿದ ಅರ್ಧ ಗಂಟೆಯೊಳಗೆ ಬರುವ ಮೊದಲ ಕರೆಗಳು ಬ್ರೋಕರ್‌ಗಳದ್ದು. "ಪಾರ್ಟಿ ರೆಡಿ ಇದೆ ಮೇಡಂ, ಕೀ ನಮ್ಮ ಹತ್ರ ಇರಲಿ." ಬೇಡ ಅಂದರೆ ಬೇಜಾರೂ ಮಾಡಿಕೊಳ್ಳುವುದಿಲ್ಲ, ಅದು ಅವರ ಕೆಲಸ. ಆಮೇಲೆ "ಲಾಸ್ಟ್ ಎಷ್ಟು?" ಅನ್ನುವವರು. ಮನೆ ನೋಡುವ ಮೊದಲೇ ಲಾಸ್ಟ್ ಕೇಳುವವರಿಗೆ ನಾನು ಫಸ್ಟ್ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ನಿಜವಾಗಿ ಮನೆ ಬೇಕಾದವರು ಹಾಗೆ ಶುರು ಮಾಡುವುದಿಲ್ಲ. ಅವರು ನೀರು ಕೇಳುತ್ತಾರೆ, ಶಾಲೆ ಕೇಳುತ್ತಾರೆ, ಬಟ್ಟೆ ಒಣಗಿಸಲು ಟೆರೇಸ್ ಸಿಗುತ್ತದಾ ಅಂತ ಕೇಳುತ್ತಾರೆ. ನಾನೂ ಕೇಳುವುದು ಕಡಿಮೆ. ಎಷ್ಟು ಜನ, ಯಾವಾಗ ಬರುತ್ತೀರಿ, ಈಗಿರುವ ಮನೆ ಯಾಕೆ ಬಿಡುತ್ತಿದ್ದೀರಿ. ಮೂರನೆಯದಕ್ಕೆ ಹಳೇ ಓನರನ್ನು ಬೈಯಲು ಶುರು ಮಾಡಿದವರ ಮಾತು ಪೂರ್ತಿ ಕೇಳಿ. ಕೆಲವು ಸಲ ತಪ್ಪು ಓನರದ್ದೇ ಇರುತ್ತದೆ.

ಈ ವರ್ಷದ ದೊಡ್ಡ ಪೇಚು ಅಂದರೆ ಮನೆ ಖಾಲಿಯಾಗಿದ್ದು ಆಷಾಢದ ಹೊಸ್ತಿಲಲ್ಲಿ. ಏಪ್ರಿಲ್, ಮೇನಲ್ಲಿ ಶಾಲೆ ಸೇರಿಸುವ ಗಡಿಬಿಡಿಗೆ ಮೈಸೂರಿನಲ್ಲಿ ಮನೆ ಬೇಗ ಹೋಗುತ್ತದೆ. ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲ. ಊರೆಲ್ಲ ಶುಕ್ರವಾರ ಬೆಟ್ಟದ ಬಸ್ಸಿನ ಸಾಲಿನಲ್ಲಿ ನಿಂತಿರುತ್ತದೆ, ಮನೆ ಹುಡುಕುವುದು ಶ್ರಾವಣಕ್ಕೆ. ಜಾಲತಾಣದವರ ಲೆಕ್ಕದಲ್ಲಿ ಇದೆಲ್ಲ ಇಲ್ಲ. "ನಿಮ್ಮ ಜಾಹೀರಾತಿಗೆ ಸ್ಪಂದನೆ ಕಡಿಮೆ, ಬಾಡಿಗೆ ಇಳಿಸಿ ನೋಡಿ" ಅಂತ ಸಂದೇಶ ಬರುತ್ತದೆ. ಇಳಿಸಬೇಡಿ. ಪಂಚಾಂಗ ನೋಡಿ. ನಾನು ಜಾಹೀರಾತಿಗೆ "ಶ್ರಾವಣದಲ್ಲಿ ಬಂದರೂ ಸರಿ, ಅಡ್ವಾನ್ಸ್ ಕೊಟ್ಟರೆ ಆಷಾಢದ ಬಾಡಿಗೆ ಬೇಡ" ಅಂತ ಒಂದು ಸಾಲು ಸೇರಿಸಿದೆ. ಆಷಾಢವನ್ನು ಲೆಕ್ಕಕ್ಕಿಡದವರು, ತಕ್ಷಣ ಬರಬೇಕಾದವರು ಹೇಗೂ ಫೋನ್ ಮಾಡುತ್ತಿದ್ದರು. ಮಿಕ್ಕವರು ಬಂದು ಮನೆ ನೋಡಿಕೊಂಡಾದರೂ ಹೋದರು.

ಆ ಖಾಲಿ ದಿನಗಳಲ್ಲೇ "ಆರ್ಮಿಯವನು" ಬಂದ. ಇವನ ಬಗ್ಗೆ ಪೇಪರಿನಲ್ಲಿ ಎಷ್ಟೋ ಸಲ ಬಂದಿದೆ, ಆದರೂ ಹೇಳುತ್ತೇನೆ. ಮೈಸೂರಿಗೆ ವರ್ಗ ಆಗಿದೆ, ಮನೆ ಫೋಟೋ ನೋಡಿದೆ, ಬಂದು ನೋಡುವುದೇನೂ ಬೇಡ, ಅಡ್ವಾನ್ಸ್ ಈಗಲೇ ಹಾಕುತ್ತೇನೆ ಅಂದ. ಸಮವಸ್ತ್ರದ ಫೋಟೋ ಬಂತು, ಕ್ಯಾಂಟೀನ್ ಕಾರ್ಡ್ ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಬಂತು. "ಇದು ಮಿಲಿಟರಿ ಅಕೌಂಟ್, ನೀವು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ನಿಮಗೆ ಬರುತ್ತದೆ." ನಮ್ಮ ಯಜಮಾನರು ಕನ್ನಡಕ ಹುಡುಕಲು ಎದ್ದರು. ನಾನು ಫೋನ್ ಕಟ್ ಮಾಡಿದೆ. ಯುಪಿಐನಲ್ಲಿ ದುಡ್ಡು ಕೊಡಲು ಮಾತ್ರ ಪಿನ್ ಬೇಕು, ತಗೊಳ್ಳಲು ಬೇಕಿಲ್ಲ. ಇಷ್ಟು ತಿಳಿದಿದ್ದರೆ ಸಾಕು. ಯಾರಾದರೂ ಆಗಲೇ ಕಳಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನನಗೆ ಅನುಮಾನ ಬಂದಿದ್ದು ಕ್ಯೂಆರ್‌ಗಿಂತ ಮುಂಚೆಯೇ. ಮೆಟ್ಟಿಲು, ಕಾರು, ನೀರು ಒಂದನ್ನೂ ಕೇಳದೆ ಮನೆ ಒಪ್ಪುವವನು ಯಾವ ಊರಿನವನು?

ಇನ್ನೊಂದು ಕರೆಯ ಬಗ್ಗೆ ಹೇಳಬೇಕು. ಒಬ್ಬ ಹುಡುಗ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ಬಾಡಿಗೆ ಕೇಳಲಿಲ್ಲ, ನೀರು ಕೇಳಲಿಲ್ಲ. ಹಲೋ ಆದ ಮೇಲೆ ಅವನ ಮೊದಲ ಮಾತು "ಆಂಟಿ, ನಾವು ಮುಸ್ಲಿಮರು, ಪರವಾಗಿಲ್ವಾ?" ಜಾಹೀರಾತಿನಲ್ಲಿ ಯಾರಾದರೂ ಸರಿ ಅಂತ ಬರೆದಿದ್ದೆನಲ್ಲ ಅಂದೆ. "ಎಲ್ರೂ ಹಾಗೇ ಹಾಕಿರ್ತಾರೆ ಆಂಟಿ, ಬಂದ್ಮೇಲೆ ಬೇರೆಯವರಿಗೆ ಕೊಟ್ವಿ ಅಂತಾರೆ" ಅಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ, ಪೆಟ್ರೋಲ್ ಖರ್ಚಿನ ಲೆಕ್ಕ ಇತ್ತು. ಭಾನುವಾರ ತಾಯಿಯನ್ನು ಕರಕೊಂಡು ಬಂದ. ಅವರು ಮಂಡಿ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಹತ್ತಿ ಅಲ್ಲೇ ಕೂತರು, ಮೇಲೆ ಬರಲೇ ಇಲ್ಲ. ಮಗನಿಗೆ ಮನೆ ಹಿಡಿಸಿತ್ತು. ಕೆಳಗೆ ನಮ್ಮ ಹಾಲಿನಲ್ಲಿ ಕಾಫಿ ಕುಡಿದು ಹೋದರು.

"ನೀವು ಯಾವ ಜನ?" ಅಂತ ನನ್ನನ್ನೇ ಕೇಳುವವರೂ ಕಡಿಮೆ ಇಲ್ಲ. ಬಾಡಿಗೆ ಕೊಡುವವರು ಅವರು, ಕೇಳಲಿ ಬಿಡಿ ಅಂತ ನಮ್ಮ ನಾದಿನಿ ಹೇಳುತ್ತಾಳೆ. ಅವಳೇ "ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ ಅಂತ ಹಾಕಿ ಅತ್ತಿಗೆ, ತಾನಾಗೇ ಸೋಸಿ ಹೋಗುತ್ತೆ" ಅಂತಲೂ ಹೇಳಿದ್ದಳು. ಸೋಸಿ ಹೋಗುವುದು ಏನು ಅಂತ ಇಬ್ಬರಿಗೂ ಗೊತ್ತು. ನಾನು ಹಾಕಲಿಲ್ಲ. ಮೆಟ್ಟಿಲಿನ ಅಗಲ ಬರೆಯುವುದು ಬೇರೆ, ಇದು ಬೇರೆ. ಅದು ನನ್ನ ಮನೆಯ ಕೊರತೆ. ಇನ್ನೊಬ್ಬರ ತಟ್ಟೆಯಲ್ಲಿ ಏನಿದೆ ಅನ್ನುವುದಕ್ಕೂ ನನ್ನ ಮನೆಗೂ ಏನು ಸಂಬಂಧ?

ಗೋಕುಲಂ ಕಡೆಯವರ ಕಥೆ ಬೇರೆ. ಅಲ್ಲಿಗೆ ಯೋಗ ಕಲಿಯಲು ವಿದೇಶದವರು ಬರುತ್ತಾರೆ, ಬಾಡಿಗೆ ಚೆನ್ನಾಗಿ ಸಿಗುತ್ತದೆ. ಆದರೆ ಅವರು ಬಂದ 24 ಗಂಟೆಯೊಳಗೆ ಓನರ್ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಬಾಡಿಗೆಯ ಆಸೆಯಲ್ಲಿ ಇದನ್ನು ಮರೆಯಬಾರದು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ವರ್ಷ ಮೀರುವ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಸಂಬಳದವರು ತೆರಿಗೆ ಲೆಕ್ಕಕ್ಕೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ ತೋರಿಸಲು, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ, ನಿಮ್ಮ ಪ್ಯಾನ್ ಕೇಳುತ್ತಾರೆ. ಕೊಡಿ. ನಮ್ಮದು ವರ್ಷಕ್ಕೆ 1,68,000. ಮನೆ ಕಂದಾಯ ಕಟ್ಟಿದ್ದನ್ನು ಕಳೆದು, ಉಳಿದಿದ್ದರಲ್ಲಿ ಶೇಕಡಾ 30 ಬಿಟ್ಟು ಮಿಕ್ಕಿದ್ದು ಆದಾಯ ಅಂತ ಲೆಕ್ಕ. ಇದಕ್ಕೆ ಹೆದರಿ ಪ್ಯಾನ್ ಕೊಡುವುದಿಲ್ಲ ಅನ್ನುವವರಿಗೆ ಒಳ್ಳೆಯ ಸಂಬಳದವರು ಸಿಗುವುದು ಕಷ್ಟ.

ಮತ್ತೆ, ಈಗ ಎಲ್ಲರೂ ಕೇಳುವ ಪ್ರಶ್ನೆ ಗೃಹಜ್ಯೋತಿ. 2023ರಲ್ಲಿ ಶುರುವಾದಾಗಿನಿಂದ ಬಾಡಿಗೆಯವರಿಗೂ 200 ಯೂನಿಟ್‌ವರೆಗೆ ಅನ್ವಯ. ಆದರೆ ಮೇಲಿನ ಮನೆಗೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಇರಬೇಕು. ಹಿಂದಿನವರ ಆಧಾರ್ ಜೋಡಣೆ ತೆಗೆಸಿರಬೇಕು. ಅವರು ಮನೆ ಬಿಡುವ ಮೊದಲೇ ಕೂರಿಸಿಕೊಂಡು ತೆಗೆಸಿಬಿಡಿ, ಹೋದಮೇಲೆ ಫೋನ್ ಎತ್ತುವುದಿಲ್ಲ. ನಾನು ಆಮೇಲೆ ಜಾಹೀರಾತಿಗೆ "ಗೃಹಜ್ಯೋತಿ ಹಳೇ ಲಿಂಕ್ ತೆಗೆಸಿದೆ" ಅಂತಲೂ ಸೇರಿಸಿದ್ದೆ. ಆ ಸಾಲು ನೋಡಿ ಫೋನ್ ಮಾಡಿದವರೇ ಈಗಿರುವ ಅಕ್ಕ ತಂಗಿ. ಹುಣಸೂರು ಕಡೆಯವರು. ದೊಡ್ಡವಳು ನರ್ಸ್, ಚಿಕ್ಕವಳು ಬಿ.ಎಡ್. ಓದುತ್ತಿದ್ದಾಳೆ. ಸಾಮಾನು ಅಂದರೆ ಎರಡು ಮಂಚ, ಒಂದು ಸಿಂಗಲ್ ಡೋರ್ ಫ್ರಿಜ್, ಒಂದು ಸ್ಕೂಟಿ. ನೈಟ್ ಶಿಫ್ಟ್ ಇದ್ದಾಗ ಗೇಟ್ ಕೀ ಬೇಕು ಅಂತ ಅವಳೇ ಮೊದಲು ಕೇಳಿದಳು, ಕೊಟ್ಟೆವು.

ಅವರು ಅಡ್ವಾನ್ಸ್ ಹಾಕಿದ ಸಂಜೆಯೇ ಜಾಹೀರಾತು ತೆಗೆದೆ. "ಬಾಡಿಗೆಗೆ ಹೋಗಿದೆ" ಅಂತ ಗುರುತು ಮಾಡಿದರೆ ಸಾಲದು, ಫೋಟೋಗಳನ್ನೂ ಒಂದೊಂದಾಗಿ ಅಳಿಸಬೇಕು. ಫೇಸ್‌ಬುಕ್ ಗುಂಪಿನಲ್ಲಿ ಹಾಕಿದ್ದನ್ನೂ ಹುಡುಕಿ ತೆಗೆಯಬೇಕು. ಆಮೇಲೂ ಹತ್ತಿಪ್ಪತ್ತು ದಿನ ಕರೆ ಬರುತ್ತದೆ. ಬಂದವರಿಗೆ ಹಿಂದಿನ ಬೀದಿಯಲ್ಲಿ ಖಾಲಿಯಾಗುತ್ತಿರುವ ಮನೆ ಹೇಳಿ, ಅಲ್ಲಿ ಕಾರ್ ನಿಲ್ಲಿಸಬಹುದು ಆದರೆ ಬೆಳಕು ಕಡಿಮೆ ಅಂತಲೂ ಸೇರಿಸುತ್ತೇನೆ.